ಗೋಣಿಯ ಪಾಠ

ಅಣ್ಣನ ತರಬೇತಿಯ ನಾಲ್ಕನೇ ದಿನ ಅದು. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದವನು ಗ್ರೇಡರಿನ ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ನಾನು ಕೆಳಗೆ ನಿಂತು, ಯಂತ್ರದ ಟಯರಿಗೆ ರಟ್ಟು ಒರಗಿಸಿ, ಅವನ ತರಬೇತಿ ಹಾಳೆಗೆ ಟಿಕ್ಕು ಹಾಕುತ್ತಿದ್ದೆ. ಗಾಳಿ ಸ್ವಲ್ಪವೂ ಇರಲಿಲ್ಲ. ನಮ್ಮ ಕಂಪನಿಯ ಯಾರ್ಡು ಸೌದಿಯ ನಜ್ರಾನ್ ಪೇಟೆಯಿಂದ ಪೂರ್ವಕ್ಕೆ, ಮನೆಗಳು ಮುಗಿದು ಮರಳು ಶುರುವಾಗುವ ಕಡೆ ಇತ್ತು. ಗಡಿಯಲ್ಲಿ ಯುದ್ಧ ಶುರುವಾಗುವುದಕ್ಕೆ ಮೊದಲಿನ ವರ್ಷಗಳ ಮಾತು.

"ಇಷ್ಟೆಲ್ಲ ಟಿಕ್ಕು ಎಂತಕ್ಕೆ? ಪಾಸಾ ಫೇಲಾ, ಅಷ್ಟು ಹೇಳು" ಎಂದ ಅಣ್ಣ.

"ನಾಳೆ ಗೋಣಿಯ ಪಾಠ ಆಗ್ಲಿ. ಮತ್ತೆ ಹೇಳ್ತೇನೆ."

"ಕಣ್ಣು ಮುಚ್ಚಿಸಿ ಸುತ್ತಿಸ್ಲಿಕ್ಕೆ ನಾನು ಗಾಣದ ಎತ್ತಾ ಮಾರಾಯ?"

ಇಬ್ಬರೂ ನಕ್ಕೆವು. ನಮ್ಮ ಮನೆಮಾತು ಬ್ಯಾರಿ. ಅವನ ಮಾತನ್ನು ಕನ್ನಡದಲ್ಲಿ ಬರೆಯುವಾಗ ಅವನ ದನಿ ಸ್ವಲ್ಪ ಕಳೆದುಹೋಗುತ್ತದೆ ಎಂದು ನನಗೆ ಗೊತ್ತಿದೆ. ಆದರೆ ನಾನು ಬರೆಯಲು ಕಲಿತದ್ದು ಕನ್ನಡ ಶಾಲೆಯಲ್ಲಿ, ಹತ್ತನೇ ತರಗತಿಯವರೆಗೆ. ನನಗೆ ಬೇರೆ ಬರವಣಿಗೆ ಬರುವುದಿಲ್ಲ.

ನನ್ನ ಕೆಲಸ ಏನೆಂದು ಮೊದಲು ಹೇಳಬೇಕು. ಆ ಕಡೆಯ ಹೆದ್ದಾರಿಗಳ ಮೇಲೆ ಗಾಳಿ ಮರಳನ್ನು ತಂದು ಹಾಕುತ್ತದೆ. ಬೆಳಿಗ್ಗೆ ಕಪ್ಪಗಿದ್ದ ರಸ್ತೆಗೆ ಮಧ್ಯಾಹ್ನದ ಹೊತ್ತಿಗೆ ಅಡ್ಡಲಾಗಿ ಒಂದು ದಿಬ್ಬ ಬಿದ್ದಿರುತ್ತದೆ. ಗ್ರೇಡರ್ ಎಂದರೆ ಹೊಟ್ಟೆಯ ಕೆಳಗೆ ಉದ್ದನೆಯ ಕಬ್ಬಿಣದ ಅಲಗು ಇರುವ ಯಂತ್ರ. ಅದರಿಂದ ಮರಳನ್ನು ತಳ್ಳಿ ಬದಿಗೆ ಹಾಕಬೇಕು. ಗಾಳಿ ಯಾವ ಕಡೆಗೆ ಹೋಗುತ್ತದೋ ಆ ಕಡೆಗೇ ಹಾಕಬೇಕು. ಗಾಳಿ ಬರುವ ಕಡೆಗೆ ಹಾಕಿದರೆ ಸಂಜೆಯೊಳಗೆ ಅಷ್ಟೂ ಮರಳು ವಾಪಸು ಬಂದಿರುತ್ತದೆ. ಅಲಗು ಡಾಂಬರಿನಿಂದ ಒಂದು ಬೆರಳು ಮೇಲಿರಬೇಕು, ಇಲ್ಲದಿದ್ದರೆ ರಸ್ತೆಯಲ್ಲಿ ಕೂರಿಸಿದ ಹೊಳೆಯುವ ಗುಬುಟುಗಳೆಲ್ಲ ಕಿತ್ತು ಬರುತ್ತವೆ. ಈ ಕೆಲಸವನ್ನು ನಾನು ಎಂಟು ವರ್ಷ ಮಾಡಿದೆ. ಆಮೇಲೆ ಹೊಸಬರಿಗೆ ಕಲಿಸುವ ಕೆಲಸಕ್ಕೆ ನನ್ನನ್ನು ಹಾಕಿದರು.

ಕಲಿಸಲು ಅವರು ಕೊಟ್ಟ ಪುಸ್ತಕ ಹಿಮದ್ದು. ಯಾವುದೋ ಚಳಿ ದೇಶದ ನಗರಸಭೆ ತನ್ನ ರಸ್ತೆಗಳ ಹಿಮ ತೆಗೆಯುವ ಚಾಲಕರಿಗೆ ಮಾಡಿಸಿದ್ದು. ಕಂಪನಿಯ ದೊಡ್ಡವರು ಅದನ್ನು ಎಲ್ಲಿಂದಲೋ ತರಿಸಿ, ಕಂಪ್ಯೂಟರಿನಲ್ಲಿ ಹಿಮ ಎಂದಿದ್ದ ಕಡೆ ಮರಳು ಎಂದು ಮಾಡಿ, ಮೇಲೆ ತಮ್ಮ ಮುದ್ರೆ ಹಾಕಿದ್ದರು. ಅಷ್ಟೇ ಅವರ ಶ್ರಮ. ಚಕ್ರಕ್ಕೆ ಸರಪಳಿ ಸುತ್ತುವ ಪಾಠ ಹಾಗೇ ಉಳಿದಿತ್ತು. ನಿಲ್ಲಿಸಿದ ಕಾರುಗಳ ಮೇಲೆ ಮರಳು ಬೀಳದಂತೆ ಅಲಗು ತಿರುಗಿಸಿ ಎಂದು ಒಂದು ಕಡೆ ಇತ್ತು. ನಮ್ಮ ರಸ್ತೆಯಲ್ಲಿ ಕಣ್ಣು ಹಾಯುವಷ್ಟು ದೂರ ಒಂದು ಒಂಟೆ ನಿಂತಿದ್ದರೆ ಹೆಚ್ಚು. ತರಬೇತಿ ಹಾಳೆಯಲ್ಲಿ ಸಾಲಾಗಿ ಚೌಕಗಳು. ಹನ್ನೊಂದನೆಯದು, ಉಪ್ಪು ಎರಚುವ ಯಂತ್ರದ ತಪಾಸಣೆ. ಮಂಜುಗಡ್ಡೆ ಕರಗಲು ಆ ದೇಶಗಳಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರಂತೆ. ನಾನೂ ಹಾಕಿದ್ದೇನೆ ಉಪ್ಪನ್ನು, ಗಂಜಿಗೆ.

ಆ ಹನ್ನೊಂದನೇ ಚೌಕವನ್ನು ಮೊದಲ ಸಲ ನಾನು ಖಾಲಿ ಬಿಟ್ಟಿದ್ದೆ. ಹಾಳೆ ವಾಪಸು ಬಂತು. ಒಂದು ಚೌಕ ಖಾಲಿ ಇದ್ದರೂ ಚಾಲಕನಿಗೆ ಪಾಸು ಸಿಗುವುದಿಲ್ಲ ಎಂದು ಆಫೀಸಿನವರು ಫೋನಿನಲ್ಲಿ ಹೇಳಿದರು. ಉಪ್ಪಿನ ಯಂತ್ರವೇ ಇಲ್ಲವಲ್ಲ ಎಂದೆ. ಟಿಕ್ಕು ಹಾಕಲು ಯಂತ್ರ ಯಾಕೆ ಬೇಕು, ಪೆನ್ನು ಸಾಕು ಎಂದರು. ಅವತ್ತಿನಿಂದ ಎಲ್ಲ ಚೌಕಗಳಿಗೂ ಟಿಕ್ಕು ಹಾಕುವುದು ಅಭ್ಯಾಸವಾಯಿತು. ಪಾಠ ಐದು ದಿನ. ಆದರೆ ಹಾಳೆ ಒಯ್ಯುವ ಪಿಕಪ್ ನಾಲ್ಕನೇ ದಿನ ಸಂಜೆ ಪೇಟೆಗೆ ಹೋಗುತ್ತಿತ್ತು. ಹಾಗಾಗಿ ಐದನೇ ದಿನದ ಟಿಕ್ಕುಗಳು ನಾಲ್ಕನೇ ದಿನವೇ ಬೀಳುತ್ತಿದ್ದವು. ಇದರಿಂದ ಯಾರಿಗೂ ಏನೂ ಆಗಲಿಲ್ಲ, ಯಾಕೆಂದರೆ ಮರುದಿನ ನಾನು ಪಾಠ ಮಾಡಿಯೇ ಮಾಡುತ್ತಿದ್ದೆ.

ಐದನೇ ದಿನದ ಪಾಠ ಆ ಪುಸ್ತಕದ್ದಲ್ಲ, ನನ್ನದು. ಹಾಳೆಯ ಹದಿನಾಲ್ಕನೇ ಚೌಕ ಅದು: ಕಣ್ಣು ಕಾಣದಾದಾಗ ಯಂತ್ರ ನಿಲ್ಲಿಸುವ ಕ್ರಮ. ಪುಸ್ತಕದಲ್ಲಿ ಅದಕ್ಕೆ ಎರಡೇ ಸಾಲು ಇತ್ತು, ವೇಗ ಇಳಿಸಿ ರಸ್ತೆಯ ಅಂಚಿಗೆ ಸರಿಯಿರಿ ಎಂದು. ಯಾವ ಅಂಚಿಗೆ ಎಂದು ಬರೆದಿರಲಿಲ್ಲ. ಬರೆದವರಿಗೆ ಅದು ಕೇಳಬೇಕಾದ ಪ್ರಶ್ನೆಯೇ ಆಗಿರಲಿಲ್ಲ.

ನಮ್ಮವರಿಗೆ ಅದೇ ಪ್ರಶ್ನೆ. ಸೌದಿಯಲ್ಲಿ ಬಂಡಿ ಓಡುವುದು ರಸ್ತೆಯ ಬಲಬದಿಯಲ್ಲಿ. ನಮ್ಮೂರಲ್ಲಿ ಎಡಬದಿಯಲ್ಲಿ. ಕಣ್ಣು ಕಾಣುವಾಗ ಬಲಕ್ಕೆ ಓಡಿಸಲು ಎರಡು ದಿನದಲ್ಲಿ ಎಲ್ಲರೂ ಕಲಿಯುತ್ತಾರೆ. ಮರಳು ಗಾಳಿ ಎದ್ದು ಎದುರಿನ ಬಾನೆಟ್ಟೂ ಕಾಣದಾದಾಗ ಮಾತ್ರ ಕೈ ತಲೆಯ ಮಾತು ಕೇಳುವುದಿಲ್ಲ. ಹೆದರಿದ ಕೈ ಊರಿಗೆ ಓಡುತ್ತದೆ. ಇದನ್ನು ನಾನು ನನ್ನ ಕೈಯಲ್ಲೇ ಕಂಡಿದ್ದೆ. ಮೊದಲ ವರ್ಷ ಒಂದು ಗಾಳಿಯಲ್ಲಿ ಸರಿಯಾದ ಅಂಚಿಗೆ ನಿಲ್ಲಿಸಿದೆ ಎಂದು ತಿಳಿದು ದುಆ ಹೇಳುತ್ತ ಕೂತಿದ್ದೆ. ಗಾಳಿ ಇಳಿದ ಮೇಲೆ ನೋಡಿದರೆ ಎದುರಿನಿಂದ ಬರುವವರ ಬದಿಯಲ್ಲಿದ್ದೆ. ಅವತ್ತು ಯಾರೂ ಬರಲಿಲ್ಲ, ಅಷ್ಟೇ.

ಆದ್ದರಿಂದ ಗೋಣಿ. ಅಕ್ಕಿ ಬರುವ ಎರಡು ಗೋಣಿಚೀಲ ಬಿಚ್ಚಿ ಒಂದಕ್ಕೊಂದು ಹೊಲಿದು ಗ್ರೇಡರಿನ ಮಾಡಿನ ಮೇಲೆ ಸುರುಳಿ ಸುತ್ತಿ ಇಡುತ್ತಿದ್ದೆ. ಯಾರ್ಡಿನಲ್ಲಿ ಗೆರೆ ಎಳೆದು ರಸ್ತೆ ಮಾಡಿ, ಬಲ ಅಂಚಿಗೆ ಜಲ್ಲಿ ಹಾಸಿದ್ದೆ. ಹೊಸಬ ನಿಧಾನ ಓಡಿಸುತ್ತಿದ್ದಾಗ, ಮೆಟ್ಟಿಲ ಮೇಲೆ ನಿಂತ ನಾನು ಹಗ್ಗ ಎಳೆದರೆ ಗೋಣಿ ಗಾಜಿನ ಮೇಲೆ ಇಳಿಯುತ್ತಿತ್ತು. ಗೋಣಿಯ ಎಳೆಗಳ ನಡುವೆ ಬರುವ ಕಂದು ಬೆಳಕು ಇದೆಯಲ್ಲ, ಮರಳು ಗಾಳಿಯ ಬೆಳಕು ಸರಿಯಾಗಿ ಹಾಗೆಯೇ ಇರುತ್ತದೆ. ಬಲ ಚಕ್ರದ ಕೆಳಗೆ ಜಲ್ಲಿ ಕರಕರ ಎನ್ನುವವರೆಗೆ ಅವನು ಬಲಕ್ಕೆ ಹೋಗಿ ನಿಲ್ಲಬೇಕು. ಮಂಗಳೂರಿನವರು, ಮಲಯಾಳಿಗಳು, ಪಠಾಣರು, ಮೊದಲ ಸಲ ಹೆಚ್ಚುಕಡಿಮೆ ಎಲ್ಲರೂ ಎಡಕ್ಕೆ ತಿರುಗಿಸುತ್ತಿದ್ದರು. ಹತ್ತಾರು ಸಲ ಮಾಡಿಸಿದ ಮೇಲೆ ಕೈ ಬದಲಾಗುತ್ತಿತ್ತು. ಸುಡಾನಿನವರು ಮೊದಲ ಸಲವೇ ಬಲಕ್ಕೆ ಹೋಗುತ್ತಿದ್ದರು. ಅವರ ಊರಿನಲ್ಲೂ ಬಲಬದಿಯೇ.

ಈ ಪಾಠಕ್ಕೆ ಒಂದು ದಿನ ಹೆಚ್ಚು ಕೊಡಿ, ಮೊದಲ ದಿನವೇ ಮಾಡಿಸುತ್ತೇನೆ ಎಂದು ನಮ್ಮ ಮೇಲ್ವಿಚಾರಕನ ಬಳಿ ಎರಡು ಸಲ ಕೇಳಿದ್ದೆ. ಗಾಜು ಮುಚ್ಚಿ ಯಂತ್ರ ಓಡಿಸುವುದು ಸುರಕ್ಷತೆಯ ನಿಯಮಕ್ಕೆ ವಿರುದ್ಧ, ಪುಸ್ತಕದಲ್ಲಿ ಇಲ್ಲದ್ದನ್ನು ಮಾಡಬೇಡ ಎಂದಿದ್ದ. ಉಪ್ಪು ಎರಚುವುದು ಪುಸ್ತಕದಲ್ಲಿತ್ತು.

ಅಣ್ಣನನ್ನು ಅಲ್ಲಿಗೆ ಕರೆಸಿದ್ದು ನಾನೇ. ಇಪ್ಪತ್ತು ವರ್ಷ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸಿದವನು. ಕೊನೆಗೆ ಊರಿನ ಹೊಳೆಯ ಮರಳು ಸಾಗಿಸುವ ಲಾರಿಗೆ ಸೇರಿದ್ದ. ಮರಳುಗಾರಿಕೆಗೆ ತಡೆ ಬಂದು ಲಾರಿಗಳು ಸಾಲಾಗಿ ನಿಂತಾಗ ನಾನೇ ಕಂಪನಿಯಲ್ಲಿ ಮಾತಾಡಿ ವೀಸಾ ತೆಗೆಸಿದೆ. ಬಂದ ದಿನ ಯಾರ್ಡಿನ ಆಚೆಗೆ ನೋಡಿ ಬಹಳ ಹೊತ್ತು ನಕ್ಕ. "ಅಲ್ಲಿ ಒಂದು ಬುಟ್ಟಿ ಮರಳಿಗೆ ಪೊಲೀಸರು ಅಟ್ಟಿಸಿಕೊಂಡು ಬರ್ತಾರೆ. ಇಲ್ಲಿ ನೋಡು, ತಕೊಂಡು ಹೋಗಿ ಅಂದ್ರೂ ಜನ ಇಲ್ಲ." ಹೊಸ ಯಂತ್ರವನ್ನು ಎರಡೇ ದಿನದಲ್ಲಿ ಹಿಡಿತಕ್ಕೆ ತಂದ. ಅಲಗನ್ನು ಅವನಷ್ಟು ನಯವಾಗಿ ಇಳಿಸುವವರನ್ನು ನಾನು ಬೇರೆ ನೋಡಿಲ್ಲ. ಆ ತಂಡದಲ್ಲಿ ಇದ್ದದ್ದು ಇಬ್ಬರೇ, ಅಣ್ಣ ಮತ್ತು ಒಬ್ಬ ಸುಡಾನಿ.

ನಾಲ್ಕನೇ ದಿನಕ್ಕೆ ಮರಳುತ್ತೇನೆ. ಇಬ್ಬರ ಹಾಳೆಗಳನ್ನೂ ಪೂರ್ತಿ ಮಾಡಿ ಪಿಕಪ್ಪಿನವನ ಕೈಗೆ ಕೊಟ್ಟೆ. ಅವನು ಹೋಗಿ ಹತ್ತು ನಿಮಿಷವೂ ಆಗಿರಲಿಲ್ಲ, ಮೇಲ್ವಿಚಾರಕನ ಫೋನು ಬಂತು. ಪೂರ್ವದ ರಸ್ತೆಗೆ ಮರಳು ಬಿದ್ದಿದೆ, ನಾಳೆ ಬೆಳಕು ಹರಿಯುವಾಗ ಹೊಸಬರಿಬ್ಬರೂ ಹೊರಡಬೇಕು. ಒಂದು ಪಾಠ ಬಾಕಿ ಇದೆ ಎಂದೆ. ಹಾಳೆ ಪೂರ್ತಿಯಾಯಿತು ಎಂದು ಈಗಷ್ಟೇ ಪಿಕಪ್ಪಿನವನು ಹೇಳಿದನಲ್ಲ ಎಂದ. ಪೂರ್ತಿಯಾಗಿದೆ, ಆದರೆ ಎಂದು ನಾನು ಶುರು ಮಾಡುವಾಗ, "ಖಲಾಸ್, ಯಲ್ಲಾ", ಮುಗಿಯಿತು, ಹೊರಡಲಿ ಎಂದು ಫೋನು ಇಟ್ಟುಬಿಟ್ಟ.

ಬೆಳಕು ಇನ್ನೂ ಒಂದು ಗಂಟೆಯಷ್ಟು ಇತ್ತು. ಗೋಣಿ ಸುರುಳಿ ಅಲ್ಲೇ ಇತ್ತು. ಹತ್ತು ಸಲ ಅಲ್ಲದಿದ್ದರೂ ಐದು ಸಲ ಮಾಡಿಸಬಹುದಿತ್ತು.

"ಅಣ್ಣ, ನಾಳೆಯ ಪಾಠ ಈಗಲೇ ಮಾಡುವ. ಬೇಗ ಮುಗಿಸ್ತೇನೆ."

"ಬೆಳಿಗ್ಗೆಯಿಂದ ಸುತ್ತಿದ್ದೇ ಸುತ್ತಿದ್ದು. ಬೆನ್ನು ಬಿದ್ದುಹೋಗಿದೆ. ಒಣಮೀನು ನೆನೆ ಹಾಕಿ ಬಂದಿದ್ದೇನೆ, ನೀನೂ ಬಾ. ನೀನು ಹುಟ್ಟುವಾಗ ನಾನು ಸೈಕಲ್ ಬಿಡ್ತಿದ್ದೆ ಮಾರಾಯ, ನಿಲ್ಲಿಸ್ಲಿಕ್ಕೆ ನನಗೆ ಗೊತ್ತುಂಟು."

ಬೇರೆ ಯಾರಾದರೂ ಆಗಿದ್ದರೆ ಗದರಿಸಿ ಹತ್ತಿಸುತ್ತಿದ್ದೆ. ಪಠಾಣರನ್ನೂ ಗದರಿಸಿದ್ದೇನೆ. ಅವನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮದ್ರಸಕ್ಕೆ ಒಯ್ದವನು. ಅಪ್ಪ ಹೋದ ಮೇಲೆ ನನ್ನ ಫೀಸು ಕಟ್ಟಿದವನು. ಅವನಿಗೆ ಎದುರು ಮಾತಾಡಿ ನನಗೆ ಗೊತ್ತಿರಲಿಲ್ಲ. ಆಯಿತು ಎಂದೆ. ಗೋಣಿ ಮಡಚಿ ಒಳಗಿಟ್ಟೆ. ಇಬ್ಬರೂ ಹೋಗಿ ಒಣಮೀನಿನ ಸಾರಿನಲ್ಲಿ ಊಟ ಮಾಡಿದೆವು. ಚೆನ್ನಾಗಿತ್ತು. ಅದನ್ನು ಬರೆಯುವಾಗ ನನಗೆ ನನ್ನ ಮೇಲೆ ಬರುವ ಸಿಟ್ಟನ್ನು ಎಲ್ಲಿಡಬೇಕೋ ಗೊತ್ತಾಗುವುದಿಲ್ಲ.

ಮರುದಿನ ಹತ್ತು ಗಂಟೆಯ ಮೇಲೆ ಗಾಳಿ ಎದ್ದಿತು. ನಾನು ಯಾರ್ಡಿನಲ್ಲಿದ್ದೆ. ಮಧ್ಯಾಹ್ನದ ಜುಹರ್ ನಮಾಜಿನ ಹೊತ್ತಿಗೆ ಸುಡಾನಿಯ ಫೋನು ಬಂತು. ಅವನು ಅರಬಿಯಲ್ಲಿ ಹೇಳಿದ್ದು ನನಗೆ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಮೂರು ಸಲ ಹೇಳಿಸಿದೆ.

ನಾನು ಹೋಗುವಾಗ ಗಾಳಿ ಇಳಿದಿತ್ತು. ಸುಡಾನಿಯ ಯಂತ್ರ ರಸ್ತೆಯ ಬಲ ಅಂಚಿನಲ್ಲಿ ನಿಂತಿತ್ತು. ಅಣ್ಣನದು ಅದಕ್ಕಿಂತ ಸ್ವಲ್ಪ ಮುಂದೆ, ಎಡ ಅಂಚಿನಲ್ಲಿ. ಎದುರಿನಿಂದ ಬಂದ ಒಂದು ಟ್ರೈಲರ್ ಅದರ ಕ್ಯಾಬಿನ್ನಿಗೆ ನುಗ್ಗಿತ್ತು. ಟ್ರೈಲರಿನವನು ತನ್ನ ಬದಿಯಲ್ಲೇ ಬರುತ್ತಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅಣ್ಣನನ್ನು ಆಗಲೇ ಒಯ್ದಿದ್ದರು. ಯಂತ್ರವನ್ನು ನಾನು ಸುತ್ತ ತಿರುಗಿ ನೋಡಿದೆ. ಅಲಗನ್ನು ನೆಲಕ್ಕೆ ಇಳಿಸಿದ್ದ. ಹ್ಯಾಂಡ್ ಬ್ರೇಕ್ ಎಳೆದಿದ್ದ. ಮಾಡಿನ ಹಳದಿ ದೀಪ ಆಗಲೂ ತಿರುಗುತ್ತಿತ್ತು. ಅಂಚಿಗೆ ಎಷ್ಟು ನೇರವಾಗಿ ನಿಲ್ಲಿಸಿದ್ದನೆಂದರೆ ಗೆರೆ ಹಿಡಿದು ಅಳೆದ ಹಾಗಿತ್ತು. ಎಲ್ಲವನ್ನೂ ಸರಿಯಾಗಿ ಮಾಡಿದ್ದ. ಬದಿ ಮಾತ್ರ ನಮ್ಮೂರಿನದು.

ಎರಡು ದಿನದ ಮೇಲೆ ನಜ್ರಾನಿನಲ್ಲೇ ದಫನ್ ಆಯಿತು. ಅವನ ಪರಿಚಯವೇ ಇಲ್ಲದ ಮಂದಿ ಸಾಲು ನಿಂತು ನಮಾಜು ಮಾಡಿದರು, ಹೆಗಲು ಕೊಟ್ಟರು. ಅಲ್ಲಿ ಗೋರಿಯ ಮೇಲೆ ಹೆಸರು ಬರೆಯುವ ಪದ್ಧತಿ ಇಲ್ಲ, ತಲೆಯ ಕಡೆ ಒಂದು ಕಲ್ಲು ಅಷ್ಟೇ. ಅದರ ಬಗ್ಗೆ ನನ್ನ ದೂರಿಲ್ಲ. ಸಿಟ್ಟು ಮಾಡಬೇಕಾದ ಜಾಗ ಅದಲ್ಲ.

ವಿಚಾರಣೆಗೆ ಜೆದ್ದಾದಿಂದ ಸುರಕ್ಷತಾ ಅಧಿಕಾರಿ ಬಂದರು. ಅಲ್ಲಿನ ಅಜೀಜಿಯಾ ಬಡಾವಣೆಯಲ್ಲಿ ಸಂಸಾರ ಇಟ್ಟುಕೊಂಡವರು, ನಮ್ಮ ಕರಾವಳಿಯವರೇ. ಕನ್ನಡದಲ್ಲಿ ಮಾತಾಡಿಸಿದರು. ಮೊದಲು ನನಗೆ ಸಮಾಧಾನವಾಯಿತು, ನಮ್ಮ ಭಾಷೆಯವರು, ಅರ್ಥವಾದೀತು ಎಂದು. ಎಸಿ ಹಾಕಿದ ಕ್ಯಾಬಿನ್ನಿನಲ್ಲಿ ಅಣ್ಣನ ಹಾಳೆ ಮೇಜಿನ ಮೇಲಿತ್ತು. ಹದಿನಾಲ್ಕನೇ ಚೌಕದ ಮೇಲೆ ಬೆರಳಿಟ್ಟು, ಈ ಟಿಕ್ಕು ನಿಮ್ಮದೇ ಅಲ್ಲವೇ ಎಂದು ಕೇಳಿದರು. ನನ್ನದೇ, ಆದರೆ ಆ ಪಾಠ ಆಗಿಲ್ಲ ಎಂದೆ. ಸುಡಾನಿಗೂ ಇದೇ ಟಿಕ್ಕು ಇದೆ, ಅವನು ಸರಿಯಾಗಿ ನಿಲ್ಲಿಸಿದ್ದಾನೆ, ಅಂದರೆ ತರಬೇತಿ ಸರಿ ಇತ್ತು ಎಂದರು. ಅವನಿಗೂ ಪಾಠ ಆಗಿಲ್ಲ ಎಂದೆ. ಅವನ ಕೈ ಅವನ ಊರಿನ ಬದಿಗೆ ಹೋಯಿತು, ನನ್ನ ಅಣ್ಣನ ಕೈ ನಮ್ಮ ಊರಿನ ಬದಿಗೆ ಹೋಯಿತು. ನಮ್ಮ ಊರಿನ ಬದಿ ಯಾವುದೆಂದು ನಿಮಗೆ ಗೊತ್ತಿಲ್ಲವೇ ಎಂದು ಕೇಳಿದೆ.

ಆಗ ನಾನು ಹಾಳೆಯನ್ನು ನನ್ನ ಕಡೆಗೆ ತಿರುಗಿಸಿ ಹನ್ನೊಂದನೇ ಚೌಕ ತೋರಿಸಿದೆ.

"ಇದು ಉಪ್ಪು ಎರಚುವ ಯಂತ್ರ. ಇದಕ್ಕೂ ನನ್ನ ಟಿಕ್ಕು ಉಂಟು. ಬನ್ನಿ, ಯಾರ್ಡಿನಲ್ಲಿ ಆ ಯಂತ್ರ ಎಲ್ಲುಂಟು ತೋರಿಸಿ. ಇದು ಸುಳ್ಳಾದ್ರೆ ಅದೂ ಸುಳ್ಳು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ದನಿ ಏರಿಸಲಿಲ್ಲ.

"ನಿಮ್ಮ ಒಳ್ಳೇದಕ್ಕೇ ಹೇಳುದು ಮಾರಾಯ್ರೆ. ಸುಳ್ಳು ಟಿಕ್ಕು ಹಾಕಿದ್ದು ಯಾರು? ಕಂಪನಿಯಾ? ಪೆನ್ನು ನಿಮ್ಮ ಕೈಯಲ್ಲಿತ್ತಲ್ಲ. ಇದನ್ನು ಬರೆದ್ರೆ ಪೊಲೀಸರು ಮೊದಲು ನಿಮ್ಮನ್ನೇ ಕೂರಿಸ್ತಾರೆ. ಒಬ್ಬರು ಹೋದ್ರು. ನೀವೂ ಒಳಗೆ ಹೋದ್ರೆ ಆ ಮನೆಗೆ ಮತ್ತೆ ಯಾರುಂಟು?"

ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅದಕ್ಕೇ ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟು. ಗದರಿಸಿದ್ದರೆ ನಾನೂ ಗದರಿಸುತ್ತಿದ್ದೆ. ನನ್ನ ಮನೆಯವರ ಹೆಸರೆತ್ತಿ, ನನ್ನ ಭಾಷೆಯಲ್ಲೇ, ಪ್ರೀತಿಯಿಂದ ಬಾಯಿ ಮುಚ್ಚಿಸಿದರು. ವರದಿಯನ್ನು ಮೊದಲೇ ಬರೆದು ತಂದಿದ್ದರು. ಚಾಲಕನಿಗೆ ಪೂರ್ಣ ತರಬೇತಿ ಆಗಿತ್ತು, ಕಲಿಸಿದ ಕ್ರಮವನ್ನು ಅವನು ಪಾಲಿಸಲಿಲ್ಲ, ತಪ್ಪು ಚಾಲಕನದು. ಕೆಳಗೆ ತರಬೇತುದಾರನ ಸಹಿಗೆ ಜಾಗ. ನಾನು ಸಹಿ ಹಾಕಿದೆ.

ಅದರ ಒಂದು ಪ್ರತಿ ಅಣ್ಣನ ಪೆಟ್ಟಿಗೆಯ ಜೊತೆ ಊರಿಗೆ ಹೋಯಿತು. ಅತ್ತಿಗೆ ಅದನ್ನು ಯಾರಿಂದಲೋ ಓದಿಸಿದರು. ಆಮೇಲೆ ನನಗೆ ಫೋನು ಮಾಡಿದರು. ಅಳುತ್ತಿರಲಿಲ್ಲ.

"ಇಪ್ಪತ್ತು ವರ್ಷ ಘಾಟಿಯಲ್ಲಿ ಓಡಿಸಿದವರು. ಒಂದು ನಾಯಿಗೂ ತಾಗಿಸ್ಲಿಲ್ಲ. ನೀನೇ ಕಲಿಸಿದ್ದಲ್ವಾ? ನೀನು ಕಲಿಸಿದ್ದನ್ನು ಅವರು ಕೇಳ್ಲಿಲ್ಲ ಅಂತ ಇದರಲ್ಲಿ ಉಂಟು. ಹೌದಾ?"

ಲೈನು ಸರಿ ಇಲ್ಲ ಎಂದು ಹೇಳಿ ಫೋನು ಇಟ್ಟೆ. ಲೈನು ಸರಿಯಾಗಿಯೇ ಇತ್ತು.

ರಜೆ ಸಿಗಲು ಏಳು ತಿಂಗಳಾಯಿತು. ಊರಿಗೆ ಹೋದ ಮೊದಲ ದಿನವೇ ಅತ್ತಿಗೆಯ ಎದುರು ಕೂತು ಎಲ್ಲ ಹೇಳಿದೆ. ಗೋಣಿ, ನಾಲ್ಕನೇ ದಿನದ ಟಿಕ್ಕು, ಫೋನು, ಒಣಮೀನು, ಸಹಿ. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಊರಿನವರೆಲ್ಲ ಅವರಿಗೆ ಓಡಿಸ್ಲಿಕ್ಕೆ ಬರ್ಲಿಲ್ಲ ಅಂತ ಹೇಳ್ತಾರೆ" ಎಂದರು. "ನನಗೆ ಹೇಳಿದ್ದನ್ನು ಕಂಪನಿಯವರಿಗೆ ಬರೆದು ಕೊಡು. ನನ್ನ ಹತ್ರ ಹೇಳಿ ಎಂತ ಆಗ್ಬೇಕು?"

ವಾಪಸು ಹೋಗಿ ಬರೆದೆ. ಮೊದಲು ಕನ್ನಡದಲ್ಲಿ, ಒಂದೂವರೆ ಪುಟ. ಪೇಟೆಯ ಟೈಪಿಂಗ್ ಅಂಗಡಿಯಲ್ಲಿ ಒಬ್ಬರಿಂದ ಅದನ್ನು ಇಂಗ್ಲಿಷಿಗೂ ಅರಬಿಗೂ ಮಾಡಿಸಿದೆ. ತಪ್ಪು ಟಿಕ್ಕು ನನ್ನದು, ಚಾಲಕನಿಗೆ ಆ ಪಾಠ ಆಗಿರಲಿಲ್ಲ, ಪಾಠ ಬಾಕಿ ಇದೆ ಎಂದು ತಿಳಿಸಿದ ಮೇಲೂ ಅವನನ್ನು ಕಳಿಸಲಾಯಿತು ಎಂದು ಬರೆದು, ಸಹಿ ಮಾಡಿ, ನಾನೇ ಆಫೀಸಿಗೆ ಒಯ್ದು ಕೊಟ್ಟೆ. ತಲುಪಿತು ಎಂಬ ಮುದ್ರೆ ಕೇಳಿದೆ. ಮುದ್ರೆ ಇಟ್ಟ ಕಪಾಟಿನ ಕೀ ಇಲ್ಲ ಎಂದರು. ಪೊಲೀಸರು ಬರುತ್ತಾರೆ, ವೀಸಾ ಕೊಟ್ಟ ಕಫೀಲ್ ಕರೆಸುತ್ತಾನೆ, ಅಲ್ಲಿರಲು ಬೇಕಾದ ಇಕಾಮಾ ಪರವಾನಗಿ ರದ್ದು ಮಾಡುತ್ತಾರೆ ಎಂದು ದಿನವೂ ಕಾದೆ. ಯಾರೂ ಬರಲಿಲ್ಲ. ನನ್ನನ್ನು ಹೆದರಿಸಿದ ಆ ಶಿಕ್ಷೆಯೂ ಸುಳ್ಳಾಗಿತ್ತು. ಪತ್ರ ಓದುವಷ್ಟು ಸಹ ನಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಎರಡನೇ ಸಲ ಅಂಚೆಯಲ್ಲಿ ಜೆದ್ದಾದ ಆ ಅಧಿಕಾರಿಗೇ ಕಳಿಸಿದೆ. ಮೂರನೇ ಸಲ ಅವರ ವಾಟ್ಸಾಪಿಗೆ ಫೋಟೋ ತೆಗೆದು ಹಾಕಿದೆ. ತಲುಪಿತು ಎಂಬ ಎರಡು ಟಿಕ್ಕು ಬಂತು.

ಆಮೇಲೂ ಎರಡು ವರ್ಷ ಅದೇ ಯಾರ್ಡಿನಲ್ಲಿ ಕಲಿಸಿದೆ. ಗೋಣಿಯ ಪಾಠವನ್ನು ಮೊದಲ ದಿನ ಬೆಳಿಗ್ಗೆಯೇ, ಯಾರನ್ನೂ ಕೇಳದೆ, ಮಾಡಿಸಿದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನೂ ಏರು ದನಿಯಲ್ಲಿ ಹತ್ತಿಸಿದೆ. ಕೆಲವರಿಗೆ ನನ್ನ ಮೇಲೆ ಕೋಪ ಬಂತು. ಬರಲಿ. ಪಾಠ ಆಗದೆ ಹದಿನಾಲ್ಕನೇ ಚೌಕಕ್ಕೆ ನಾನು ಪೆನ್ನು ತಾಗಿಸಲಿಲ್ಲ. ಹನ್ನೊಂದನೆಯದು ಹಾಳೆಯಲ್ಲಿ ಹಾಗೇ ಇತ್ತು. ಅದನ್ನು ನಾನು ಖಾಲಿ ಬಿಡುತ್ತಿದ್ದೆ. ನನ್ನ ಕೈ ದಾಟಿದ ಮೇಲೆ ಬೇರೆ ಯಾರೋ ಟಿಕ್ಕು ಹಾಕುತ್ತಿದ್ದರು, ನನ್ನ ನೀಲಿ ಶಾಯಿಯ ಬದಲು ಕಪ್ಪು ಶಾಯಿಯಲ್ಲಿ. ಆಮೇಲೆ ಗಡಿಯಲ್ಲಿ ಯುದ್ಧ ಬಂತು, ಯಾರ್ಡು ಮುಚ್ಚಿತು, ನಾನು ಊರಿಗೆ ಬಂದೆ.

ಅಣ್ಣನ ಹಾಳೆಯ ಪ್ರತಿ ನನ್ನ ಬಳಿ ಇದೆ. ನನ್ನ ಪತ್ರದ ಪ್ರತಿಯೂ ಇದೆ. ಅತ್ತಿಗೆಯ ಬಳಿ ವರದಿ ಇದೆ. ಅದರಲ್ಲಿ ಚಾಲಕನ ತಪ್ಪು ಎಂಬ ಸಾಲು ಇದೆ, ಅದರ ಕೆಳಗೆ ನನ್ನ ಸಹಿ ಇದೆ. ಅವನಿಗೆ ಆ ಪಾಠ ಆಗಿರಲಿಲ್ಲ ಎಂಬ ಸಾಲು ಅದರಲ್ಲಿ ಇನ್ನೂ ಇಲ್ಲ.